ಹೆಸರು ಹೇಳಿದರೆ ಮಾತ್ರ ಕತ್ತರಿ: ಶಿರಸಿ ಸೀಮೆಯ ಒಂದು ರವಿವಾರದ ತರಗತಿ

ಶಿರಸಿ ಸೀಮೆಯ ಒಂದು ಊರು. ಅಲ್ಲಿನ ದೇವಸ್ಥಾನದ ಭೋಜನಶಾಲೆಯಲ್ಲಿ ರವಿವಾರ ಬೆಳಿಗ್ಗೆ ಎರಡು ತಾಸು ಮಕ್ಕಳ ತರಗತಿ ನಡೆಯುತ್ತದೆ. ಹಬ್ಬ-ಆಚರಣೆಗಳ ಪರಿಚಯ, ಒಂದಿಷ್ಟು ಸಂಸ್ಕೃತ, ಜತೆಗೆ ಚಿತ್ರ ಮತ್ತು ಕೈಕೆಲಸ. ನಡೆಸುವವರು ಇಬ್ಬರು. ಒಬ್ಬರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಮಾಸ್ತರು. ಇನ್ನೊಬ್ಬರು ಬೆಂಗಳೂರಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದು ಈಗ ಊರಿಗೆ ಮರಳಿರುವ ಅಕ್ಕೋರು. ನಾನು ಅಲ್ಲಿ ರಟ್ಟು ಕತ್ತರಿಸಿ ಕೊಡುವ, ಅಂಟಿನ ಡಬ್ಬಿಯ ಮುಚ್ಚಳ ಹುಡುಕುವ ಕೆಲಸದವನು. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಮನೆತನ, ಮಕ್ಕಳು ಯಾರೆಂದು ಗೊತ್ತಾಗದಂತೆ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ.

ಬರುವ ಮಕ್ಕಳು ಇಪ್ಪತ್ತರ ಆಸುಪಾಸು. ಏಳು ವರ್ಷದವರಿಂದ ಹದಿಮೂರರವರೆಗೆ. ಜಾಸ್ತಿ ಮಂದಿ ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವವರು. ಹವ್ಯಕ ಬ್ರಾಹ್ಮಣರ ಮನೆಯ ಮಕ್ಕಳೇ ಹೆಚ್ಚು, ಆದರೆ ಅವರಷ್ಟೇ ಅಲ್ಲ. ಬೇಸಾಯದ ಸಮುದಾಯವಾದ ದೀವರ ಮನೆಗಳಿಂದ ನಾಲ್ಕಾರು ಮಕ್ಕಳು ಬರುತ್ತಾರೆ. ಕೆತ್ತನೆ ಕೆಲಸದ ಗುಡಿಗಾರರ ಮನೆಯ ಹುಡುಗನೊಬ್ಬ, ಕುಮಟಾ ಕಡೆಯಿಂದ ನೌಕರಿಗೆ ಬಂದ ಕೊಂಕಣಿ ಕುಟುಂಬದ ಹುಡುಗಿಯೊಬ್ಬಳು ಇದ್ದಾರೆ. ಪಾಲಕರ ಆಸೆಗಳೂ ಬೇರೆ ಬೇರೆ. ಕೆಲವರಿಗೆ ಮಕ್ಕಳ ಬಾಯಲ್ಲಿ ನಾಲ್ಕು ಶ್ಲೋಕ ಬರಬೇಕು. ಇನ್ನು ಕೆಲವರ ಲೆಕ್ಕ ನೇರ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡರೆ ಒಳ್ಳೆ ಅಂಕ ಬರುತ್ತದೆ, ಹಾಗಾಗಿ ಈಗಿನಿಂದಲೇ ರೂಢಿ ಆಗಲಿ. ತಪ್ಪೇನಲ್ಲ. ಆದರೆ ಒಂದೇ ತರಗತಿಯಿಂದ ಎಷ್ಟು ಮಂದಿ ಏನೇನು ಬಯಸುತ್ತಿದ್ದರು ಅನ್ನುವುದು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಉತ್ತರಾಣಿ ಗೊತ್ತಿಲ್ಲ, ಅಪಾಮಾರ್ಗ ಗೊತ್ತು

ಮೊದಲ ವರ್ಷದ ಪದ್ಧತಿ ಸರಳವಾಗಿತ್ತು. ಅರ್ಧ ತಾಸು ಮಾಸ್ತರು ಶ್ಲೋಕ ಹೇಳಿಸುವುದು, ಉಳಿದ ಹೊತ್ತು ಅಕ್ಕೋರ ಕೈಕೆಲಸ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಗಣಪತಿ, ಹಣತೆ, ಓಂಕಾರದ ಹಾಳೆಗಳಿಗೆ ಬಣ್ಣ ತುಂಬುವುದು. ಥರ್ಮಾಕೋಲಿನ ಮಂಟಪಕ್ಕೆ ಮಿಂಚಿನ ಪುಡಿ ಅಂಟಿಸುವುದು. ಮಕ್ಕಳು ಖುಷಿಯಾಗಿದ್ದರು. ಅಮ್ಮಂದಿರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಪ್ರತಿ ರವಿವಾರ ಒಂದು ಹೊಸ ಫೋಟೊ. ಹೊರಗಿನಿಂದ ನೋಡಿದರೆ ಎಲ್ಲವೂ ಚೆನ್ನಾಗಿತ್ತು.

ಚೌತಿ ಹತ್ತಿರ ಬಂದಾಗ ಗಣಪತಿ ಪೂಜೆಯ ಇಪ್ಪತ್ತೊಂದು ಪತ್ರೆಗಳ ಚಿತ್ರವಿದ್ದ ಹಾಳೆ ಕೊಟ್ಟರು. ಪ್ರತಿ ಎಲೆಯ ಕೆಳಗೆ ಸಂಸ್ಕೃತದ ಹೆಸರು. ಒಂಬತ್ತು ವರ್ಷದ ಹುಡುಗನೊಬ್ಬ ಅಷ್ಟಕ್ಕೂ ಅಚ್ಚುಕಟ್ಟಾಗಿ ಬಣ್ಣ ತುಂಬಿದ. ಹೆಸರುಗಳನ್ನೂ ಓದಿದ. ಹೊರಗೆ ಮೆಟ್ಟಿಲ ಬದಿಗೆ ಉತ್ತರಾಣಿ ಗಿಡ ಆಳೆತ್ತರ ಬೆಳೆದಿತ್ತು, ಅದರ ಮುಳ್ಳುಬೀಜ ಅವನ ಚಡ್ಡಿಗೇ ಅಂಟಿಕೊಂಡಿತ್ತು. ಮಾಸ್ತರು ಅದನ್ನು ಕಿತ್ತು ತೋರಿಸಿ "ಇದೆಂತ ಹೇಳು" ಎಂದರು. ಅವನಿಗೆ ಗೊತ್ತಿಲ್ಲ. ಕೈಯಲ್ಲಿದ್ದ ಹಾಳೆಯಲ್ಲಿ ಅದೇ ಗಿಡ 'ಅಪಾಮಾರ್ಗ' ಎಂಬ ಹೆಸರಿನಲ್ಲಿ ಹಸಿರು ಬಣ್ಣ ಬಳಿದುಕೊಂಡು ಕೂತಿತ್ತು.

ಅವತ್ತು ಇಬ್ಬರಿಗೂ ಸಣ್ಣ ಜಗಳವೇ ಆಯಿತು. ಕೈಕೆಲಸದಿಂದ ಹೊತ್ತು ಹಾಳು, ಪಾಠ-ಬಾಯಿಪಾಠವೇ ಸರಿ ಎಂದು ಮಾಸ್ತರು. ಶ್ಲೋಕವನ್ನೂ ಮಕ್ಕಳು ಅರ್ಥ ಗೊತ್ತಿಲ್ಲದೆಯೇ ಹೇಳುತ್ತಾರಲ್ಲ, ಅದೇನು ಕಲಿತ ಹಾಗಾಯಿತು ಎಂದು ಅಕ್ಕೋರು. ನನ್ನ ಲೆಕ್ಕದಲ್ಲಿ ಇಬ್ಬರ ಮಾತೂ ಸರಿ, ಆದರೆ ತೊಡಕು ಬೇರೆ ಕಡೆ ಇತ್ತು. ಅಲ್ಲಿ ಮಾಡಿಸುತ್ತಿದ್ದ ಯಾವ ಕೆಲಸವನ್ನೂ ಸಂಸ್ಕೃತದ ಒಂದು ಪದ ಗೊತ್ತಿಲ್ಲದೆಯೂ ಅಷ್ಟೇ ಚೆನ್ನಾಗಿ ಮಾಡಬಹುದಿತ್ತು. ಪದ ಬಂದವನಿಗೂ ಬರದವನಿಗೂ ಬಣ್ಣದ ಪೆನ್ಸಿಲ್ ಒಂದೇ ಥರ ಓಡುತ್ತದೆ. ಅಂದಮೇಲೆ ಮಗು ಪದದ ಕಡೆ ಯಾಕೆ ನೋಡಬೇಕು?

ಪೆಟ್ಟಿಗೆಯ ನಿಯಮ

ಮೊದಲು ಮಾಸ್ತರ ದಾರಿ. ಶ್ಲೋಕದ ಹೊತ್ತು ಹೆಚ್ಚಿಸಿದರು. ತಿಂಗಳೊಪ್ಪತ್ತಿನಲ್ಲಿ ಸಣ್ಣ ಮಕ್ಕಳು ಬರುವುದು ಕಡಿಮೆಯಾಯಿತು. ಸರಿ ಉತ್ತರಕ್ಕೆ ನಕ್ಷತ್ರ ಅಂಟಿಸುವ ಉಪಾಯವೂ ಆಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನಕ್ಷತ್ರಕ್ಕಾಗಿ ಜಗಳ ಕಲಿತರು.

ಆಮೇಲೆ ಅಕ್ಕೋರು ಒಂದು ನಿಯಮ ತಂದರು. ಕತ್ತರಿ, ದಾರ, ಬಣ್ಣ, ಮಣ್ಣು ಎಲ್ಲ ಒಂದು ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಹತ್ತಿರ ಒಬ್ಬ ದೊಡ್ಡ ಹುಡುಗ. ಸಂಸ್ಕೃತದಲ್ಲಿ ಕೇಳಿದರೆ ಮಾತ್ರ ಸಾಮಾನು. 'ಕರ್ತರೀಂ ದದಾತು' ಅಂದರೆ ಕತ್ತರಿ ಕೊಡಿ, 'ಸೂತ್ರಂ ದದಾತು' ಅಂದರೆ ದಾರ ಕೊಡಿ. ಬೇಡವೆಂದರೆ 'ಮಾಸ್ತು'. ಸಂಭಾಷಣಾ ಶಿಬಿರಗಳಲ್ಲಿ ಕಲಿಸುವ ಇಂಥ ಪುಟ್ಟ ವಾಕ್ಯಗಳನ್ನು ಮಾಸ್ತರು ಮೊದಲು ಒಪ್ಪಲಿಲ್ಲ. ಶಬ್ದರೂಪ, ಧಾತುರೂಪ ಬಾರದೆ ಮಾತೆಂಥದು ಎಂಬುದು ಅವರ ಹಟ. ಒಂದು ಚೌತಿಯಿಂದ ದೀಪಾವಳಿಯವರೆಗೆ ನೋಡುವ ಎಂದು ಕೊನೆಗೆ ಬಿಟ್ಟುಕೊಟ್ಟರು.

ನಿಯಮ ಅರ್ಧ ಫಲ ಕೊಟ್ಟಿತು. 'ಮಾಸ್ತು' ಎಂಬ ಮಾತು ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ ಮನೆಯಲ್ಲಿ ಹಾಗಲಕಾಯಿ ಪಲ್ಯಕ್ಕೂ ಮಾಸ್ತು, ಹೋಂವರ್ಕಿಗೂ ಮಾಸ್ತು. ಆದರೆ ಬೇಕಾದ ವಾಕ್ಯವನ್ನು ಸುಮ್ನೆ ಒಪ್ಪಿಸಿ ಸಾಮಾನು ತೆಗೆದುಕೊಳ್ಳುವುದು ಬಹಳ ಬೇಗ ಅಭ್ಯಾಸವಾಯಿತು. ನಾಚಿಕೆಯ ಮಕ್ಕಳು ಬೇರೆಯವರಿಂದ ಕೇಳಿಸುತ್ತಿದ್ದರು. ಮಾತು ಗೇಟಿನಲ್ಲಿ ಕೊಡುವ ಟಿಕೆಟ್ಟಾಯಿತು. ಒಳಗೆ ಹೋದ ಮೇಲೆ ಅದರ ಕೆಲಸ ಮುಗಿಯಿತು.

ತಿರುವು ಬಂದದ್ದು ಫಲಾವಳಿಯಿಂದ. ಚೌತಿಗೆ ಗಣಪತಿಯ ಮೇಲ್ಗಡೆ ಮರದ ಚೌಕಟ್ಟು ಇಳಿಬಿಟ್ಟು ತೆಂಗಿನಕಾಯಿ, ಅಡಿಕೆಗೊನೆ, ಮೊಗೆಕಾಯಿ, ಕಂಚಿಕಾಯಿ, ಕಾಡಿನ ಹಣ್ಣು-ಹೂವು ಕಟ್ಟುವುದು ನಮ್ಮ ಕಡೆಯ ಮನೆಗಳಲ್ಲಿ ಗೊತ್ತೇ ಇದೆ. ಕಾರವಾರ, ಗೋವಾ ಕಡೆಯ ಕೊಂಕಣಿ ಮನೆಗಳಲ್ಲಿ ಇದನ್ನೇ ಮಾಟೋಳಿ ಅನ್ನುತ್ತಾರೆ. ಅಕ್ಕೋರು ಇದರ ಪುಟ್ಟ ಮಾದರಿ ಮಾಡಿಸಿದರು. ಬಿದಿರು ಕಡ್ಡಿಯ ಚೌಕಟ್ಟು, ಮಣ್ಣಿನ ಕಾಯಿಗಳು. ಮಳೆಗಾಲದಲ್ಲಿ ಮಣ್ಣು ಒಣಗುವುದಿಲ್ಲವಲ್ಲ, ಹತ್ತಿರದ ಮನೆಯ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿದೆವು.

ಕಟ್ಟುವ ದಿನ ಮಕ್ಕಳನ್ನು ಇಬ್ಬಿಬ್ಬರಂತೆ ಬೆನ್ನಿಗೆ ಬೆನ್ನು ಹಾಕಿ ಕೂರಿಸಿದರು. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಚೌಕಟ್ಟು ಮತ್ತು ಕಾಯಿಗಳು. ಚಿತ್ರ ನೋಡುವವರು ಹೇಳಬೇಕು: ನಾರಿಕೇಲಂ ಮಧ್ಯೇ. ಪೂಗಫಲಾನಿ ವಾಮತಃ. ದಾಡಿಮಂ ದಕ್ಷಿಣತಃ. ಅಂದರೆ ತೆಂಗಿನಕಾಯಿ ನಡುವೆ, ಅಡಿಕೆ ಎಡಕ್ಕೆ, ದಾಳಿಂಬೆ ಬಲಕ್ಕೆ. ಕಟ್ಟುವವರು ಕೇಳಿ ಕಟ್ಟಬೇಕು. ತಿರುಗಿ ನೋಡುವಂತಿಲ್ಲ, ಕನ್ನಡದಲ್ಲಿ ಹೇಳುವಂತಿಲ್ಲ.

ಹತ್ತು ನಿಮಿಷ ಗಲಾಟೆಯೋ ಗಲಾಟೆ. ಒಬ್ಬಳು 'ವಾಮತಃ' ಅಂದಳು, ಕಟ್ಟುವವನು ಬಲಕ್ಕೆ ಕಟ್ಟಿದ. ಕೊನೆಗೆ ಚಿತ್ರ, ಚೌಕಟ್ಟು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ತಪ್ಪು ತಾನಾಗಿ ಕಂಡಿತು. ಯಾರೂ ಬೈಯಬೇಕಾಗಲಿಲ್ಲ. "ನಾ ವಾಮತಃ ಹೇಳಿದ್ನಲ್ಲ" ಎಂದು ಅವಳು, "ನಿನ್ನ ವಾಮತಃ ನನಗೆ ದಕ್ಷಿಣತಃ" ಎಂದು ಅವನು. ಬೆನ್ನು ಬೆನ್ನಿಗೆ ಕೂತದ್ದಕ್ಕೆ ಹಾಗೆ ಎಂದು ಹುಡುಗ ವಾದಿಸುತ್ತಿದ್ದ. ವಾದ ಅಷ್ಟು ಸರಿ ಇರಲಿಲ್ಲ, ಇಬ್ಬರ ಎಡಗೈಯೂ ಅವರವರ ಎಡಕ್ಕೇ ಇತ್ತು. ಆದರೆ ಆ ಎರಡು ಪದಗಳನ್ನು ಅವರು ಜಗಳದಲ್ಲಿ ಬಳಸಿದರು. ಮಾಸ್ತರು ಅವತ್ತು ಮೊದಲ ಬಾರಿ ಕೈಕೆಲಸ ಮುಗಿಯುವವರೆಗೂ ಕೂತಿದ್ದರು.

ಇಲ್ಲಿಂದ ಮುಂದೆ ಯಾವುದೇ ಚಟುವಟಿಕೆ ಯೋಚಿಸುವಾಗ ಇಬ್ಬರೂ ಒಂದೇ ಪ್ರಶ್ನೆ ಕೇಳಿಕೊಂಡರು. ಪದ ತಪ್ಪಿದರೆ ಕೆಲಸ ತಪ್ಪುತ್ತದೆಯೇ? ತಪ್ಪುವುದಿಲ್ಲ ಅಂದರೆ ಅದು ಬರೀ ಕೈಕೆಲಸ. ಬರೀ ಕೈಕೆಲಸ ಬೇಡ ಎಂದಲ್ಲ. ಆದರೆ ಅದನ್ನು ಸಂಸ್ಕೃತದ ಪಾಠ ಎಂದು ಕರೆಯಬಾರದು.

ಎರಡು ಆನೆ

ದ್ವಿವಚನದ, ಅಂದರೆ ಎರಡಕ್ಕೆಂದೇ ಸಂಸ್ಕೃತದಲ್ಲಿ ಇರುವ ರೂಪದ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳಿಗೆ 'ರಾಮಃ ರಾಮೌ ರಾಮಾಃ' ಸಾಲಾಗಿ ಬಾಯಿಗೆ ಬರುತ್ತಿತ್ತು. ನಡುವಿನಿಂದ ಕೇಳಿದರೆ ಇಲ್ಲ. ಎರಡು ಎಲೆ ತೋರಿಸಿದರೆ 'ದ್ವೇ ಪತ್ರೇ' ಅನ್ನುವ ಬದಲು 'ದ್ವೇ ಪತ್ರಮ್' ಅನ್ನುತ್ತಿದ್ದರು. ಯಾಕೆಂದು ನೋಡಿದರೆ ಕನ್ನಡದಲ್ಲಿ ನಾವು 'ಎರಡು ಎಲೆ' ಅಂತಲೇ ಅನ್ನುತ್ತೇವೆ, 'ಎರಡು ಎಲೆಗಳು' ಅನ್ನುವುದು ಕಡಿಮೆ. ಎರಡು ಎಂದ ಮೇಲೆ ಎಲೆ ಬದಲಾಗಬೇಕು ಅನ್ನುವುದೇ ಮಕ್ಕಳಿಗೆ ಹೊಳೆಯುವುದಿಲ್ಲ. ಹಾಗಾಗಿ ಇದು ಮರೆವಿನ ತೊಡಕಲ್ಲ, ಇನ್ನಷ್ಟು ಬಾಯಿಪಾಠ ಮಾಡಿಸಿದರೂ ಹೋಗುವುದಿಲ್ಲ.

ಅಕ್ಕೋರು ಮಣ್ಣಿನ ಆನೆ ಮಾಡಿಸಿದರು. ಸೊಂಡಿಲು ಸುರುಳಿ ಸುತ್ತುವುದು ಕೆಲವರಿಗೆ ಚಿಟಿಕೆ ಹೊಡೆದಷ್ಟು ಸುಲಭ. ಚೌತಿಗೆ ಮುಂಚೆ ನೆರೆಹೊರೆಯವರೆಲ್ಲ ಸೇರಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳದಲ್ಲಿ ಅಜ್ಜಿಯ ಪಕ್ಕ ಕೂತು ಕೈಚಕ್ಕುಲಿ ಸುತ್ತಿದ ಬೆರಳುಗಳು ಅವು. ಆನೆ ಒಣಗಿದ ಮೇಲೆ ಆಟ. ಒಂದು ಉದ್ದ ರಟ್ಟಿನ ದಾರಿ, ಮೇಲೆ ಬಟ್ಟೆಯ ಪರದೆ. ಪರದೆಯಾಚೆ ಒಬ್ಬ 'ಗಜಃ ಚಲತಿ' ಅಂದರೆ ಒಂದು ಆನೆ ಹೊರಡಬೇಕು. 'ಗಜೌ ಚಲತಃ' ಅಂದರೆ ಎರಡು. 'ಗಜಾಃ ಚಲಂತಿ' ಅಂದರೆ ಉಳಿದದ್ದೆಲ್ಲ. ತಪ್ಪಾಗಿ ಹೊರಟ ಆನೆ ವಾಪಸ್ಸು. ಕ್ರಿಯಾಪದದ ಕೊನೆಯನ್ನೂ ಕಿವಿಗೊಟ್ಟು ಕೇಳಲೇಬೇಕಾಯಿತು. ಹುಷಾರಿನವನೊಬ್ಬ ಬೇಕಂತಲೇ 'ಗಜೌ' ಎಂದು ಹೇಳಿ ನಿಲ್ಲಿಸುತ್ತಿದ್ದ, ಎದುರಿನವರು ಚಡಪಡಿಸುವುದನ್ನು ನೋಡಲು.

ಇದಕ್ಕೆ ಪೂಜೆಯಲ್ಲೇ ಜೋಡಿ ಇತ್ತು. ಗಣಪತಿಗೆ ಗರಿಕೆ ಏರಿಸುವಾಗ ಎರಡೆರಡು ಎಸಳು ಇಟ್ಟು 'ದೂರ್ವಾಯುಗ್ಮಂ ಸಮರ್ಪಯಾಮಿ' ಎನ್ನುತ್ತಾರೆ. ಮಾಸ್ತರು ಅದನ್ನು ಎತ್ತಿ ತೋರಿಸಿದಾಗ ಹನ್ನೊಂದು ವರ್ಷದ ಹುಡುಗಿಯೊಬ್ಬಳು, "ಅದಕ್ಕೇ ಅಪ್ಪ ಎರಡೇ ಎಸಳು ಕೊಡು ಹೇಳುದು" ಎಂದಳು. ಮನೆಯಲ್ಲಿ ವರ್ಷವೂ ಗರಿಕೆ ಕಿತ್ತು ಜೋಡಿಸಿ ಕೊಡುವವಳು ಅವಳೇ.

ಪತ್ರೆಗಳ ಪಾಠವನ್ನೂ ಮತ್ತೆ ಮಾಡಿದರು. ಈ ಸಲ ಅಚ್ಚಾದ ಹಾಳೆ ಇಲ್ಲ. ತೋಟದ ಬದುವಿಗೆ ಹೋಗಿ ಎಲೆ ತಂದು, ಕಾಗದದ ಅಡಿಗಿಟ್ಟು ಮೇಲೆ ಕ್ರೇಯಾನ್ ಉಜ್ಜಿ ನರ ಮೂಡಿಸುವುದು. ಹೆಸರಿಲ್ಲದ ಅಚ್ಚು ನೋಡಿ ಯಾವ ಎಲೆ ಎಂದು ಹೇಳುವುದು ಆಟ: ಸಿಂಧುವಾರ ಅಂದರೆ ಲಕ್ಕಿ, ಚೂತ ಅಂದರೆ ಮಾವು, ಅಶ್ವತ್ಥದ ಉದ್ದ ತುದಿ ಯಾರಿಗೂ ತಪ್ಪಲಿಲ್ಲ. ಇಲ್ಲಿ ಒಂದು ನಿರ್ಧಾರ ಇತರರಿಗೂ ಉಪಯೋಗವಾದೀತು. ಪಟ್ಟಿಯಲ್ಲಿ ದತ್ತೂರವಿದೆ, ಕರವೀರ ಅಂದರೆ ಕಣಗಿಲೆಯಿದೆ, ಅರ್ಕ ಅಂದರೆ ಎಕ್ಕವಿದೆ. ಮೂರೂ ವಿಷ, ಎಕ್ಕದ ಹಾಲು ಕಣ್ಣಿಗೆ ತಾಗಿದರಂತೂ ದೊಡ್ಡ ಪಜೀತಿ. ಈ ಮೂರನ್ನು ಮಕ್ಕಳ ಕೈಗೆ ಕೊಡಲಿಲ್ಲ. ದೊಡ್ಡವರೇ ಕೊಯ್ದು ಗಾಜಿನ ಚೌಕಟ್ಟಿನೊಳಗೆ ಇಟ್ಟು ತೋರಿಸಿದರು. ಇಪ್ಪತ್ತೊಂದೂ ಆಗಲೇಬೇಕು ಎಂಬ ಹಟವನ್ನು ಬಿಟ್ಟರು. ಊರಿನಲ್ಲಿ ಸಿಗುವಷ್ಟೇ.

ಗಣಪತಿಯನ್ನು ಮುರಿಯುವುದು ಹೇಗೆ

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಮಣ್ಣಿನ ಕೆಲಸ ಶುರುವಾದಾಗ ಮಕ್ಕಳು ಗಣಪತಿಯನ್ನೂ ಮಾಡಿದರು. ಸೊಟ್ಟ ಕಿವಿ, ಬಿದ್ದುಹೋದ ದಂತ. ಇಷ್ಟವಾಗದಿದ್ದರೆ ಮುದ್ದೆ ಮಾಡಿ ಮತ್ತೆ ಮಾಡುವುದು ಮಣ್ಣಿನ ಕೆಲಸದ ಸಹಜ ಕ್ರಮ. ಒಬ್ಬ ತಂದೆ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಅವರ ಮಗ ಗಣಪತಿಯ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದ. "ಅಕ್ಕೋರೇ, ದೇವರ ಮೂರ್ತಿ ಮಾಡುದು ಅಂದ್ರೆ ಆಟವಾ?" ಎಂದು ಕೇಳಿದರು. ಮುಂದಿನ ರವಿವಾರ ಅವರ ಮಗ ಬರಲಿಲ್ಲ.

ಅಕ್ಕೋರಿಗೆ ಮೊದಲು ಇದು ಅತಿಯೆನಿಸಿತು. ಮಾಸ್ತರು ಹಾಗೆ ಅನ್ನಲಿಲ್ಲ. ಪ್ರಾಣಪ್ರತಿಷ್ಠೆ ಆಗದ ಮಣ್ಣು ಮಣ್ಣೇ ಎಂದು ಶಾಸ್ತ್ರ ಹೇಳಿ ವಾದ ಗೆಲ್ಲಬಹುದು, ಆದರೆ ಆ ಮನೆಯವರು ವಾದಕ್ಕೆ ಬಂದದ್ದಲ್ಲ ಎಂದರು. ಇಬ್ಬರೂ ಆ ಮನೆಗೆ ಹೋಗಿ ಚಹಾ ಕುಡಿದು ಬಂದರು. ಅಲ್ಲಿಂದ ಹೊಸ ಪದ್ಧತಿ: ಅಭ್ಯಾಸಕ್ಕೆ ಆನೆ, ಇಲಿ, ಕಾಯಿ, ಹಣ್ಣು. ಇವನ್ನು ಎಷ್ಟು ಸಲ ಬೇಕಾದರೂ ಮುರಿಯಬಹುದು. ಕೈ ಹದಕ್ಕೆ ಬಂದ ಮೇಲೆ ವರ್ಷಕ್ಕೆ ಒಂದೇ ಗಣಪತಿ, ಗದ್ದೆಯ ಮಣ್ಣಿನಲ್ಲಿ, ಬಣ್ಣವಿಲ್ಲದೆ. ಅದು ಮನೆಗೆ ಹೋಗುತ್ತದೆ. ಪೂಜೆಗೆ ಇಡುವುದೋ ಬಿಡುವುದೋ ಮನೆಯವರಿಗೆ ಬಿಟ್ಟದ್ದು, ನೀರಿಗೆ ಬಿಡುವುದಂತೂ ಕಡ್ಡಾಯ. ತರಗತಿಯ ಕಪಾಟಿನಲ್ಲಿ ಧೂಳು ತಿನ್ನುತ್ತಾ ಕೂರುವಂತಿಲ್ಲ. ಕೈಕೆಲಸದ ದೃಷ್ಟಿಯಿಂದಲೂ ಇದು ಲಾಭವೇ ಆಯಿತು. ಒಂದೇ ಅವಕಾಶ ಎಂದು ಗೊತ್ತಿದ್ದರೆ ಮಕ್ಕಳು ಕೆಲಸ ಮಾಡುವ ರೀತಿಯೇ ಬೇರೆ. ಆ ಹುಡುಗ ಮತ್ತೆ ಬಂದ.

ಬುಟ್ಟಿಯ ದಿನ

ಅಶ್ವಿನದ ಹುಣ್ಣಿಮೆ, ನಮ್ಮಲ್ಲಿ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಗದ್ದೆಗೆ ಬಯಕೆಯ ಊಟ ಕೊಡುವ ಹಬ್ಬ. ಆ ವಾರ ದೀವರ ಮನೆಯ ಹುಡುಗಿಯೊಬ್ಬಳು ತರಗತಿಗೆ ಬರಲಿಲ್ಲ. ಕಾರಣ ಕೇಳಿದರೆ, "ಅಜ್ಜಿ ಜತೆ ಬುಟ್ಟಿ ಬರೀತಿದ್ದೆ" ಎಂದಳು. ಭೂಮಣ್ಣಿ ಬುಟ್ಟಿ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಎಳೆ ಎಳೆಯಾಗಿ ಚಿತ್ತಾರ ಬರೆಯುವುದು. ಹಬ್ಬದ ದಿನ ನಸುಕಿಗೇ ಎಡೆ ಹೊತ್ತು ಗದ್ದೆಗೆ ಹೋಗುವುದು ಅದೇ ಬುಟ್ಟಿಯಲ್ಲಿ.

ನೋಡಿ, ಇಡೀ ಜಿಲ್ಲೆಯಲ್ಲೇ ಇದಕ್ಕಿಂತ ನವಿರಾದ ಹಬ್ಬದ ಕೈಕೆಲಸ ಹುಡುಕುವುದು ಕಷ್ಟ. ಅದು ತರಗತಿಯ ಯೋಜನೆಯಲ್ಲೇ ಇರಲಿಲ್ಲ. ಯೋಜನೆ ಬರೆದ ಇಬ್ಬರೂ ತಮ್ಮ ತಮ್ಮ ಮನೆಯ ಹಬ್ಬಗಳ ಪಟ್ಟಿಯನ್ನೇ ಹಿಂದೂ ಸಂಪ್ರದಾಯ ಎಂದು ಹಾಕಿಕೊಂಡಿದ್ದರು. ಮುಂದಿನ ವರ್ಷ ಆ ಅಜ್ಜಿಯನ್ನೇ ಕರೆಸಿದರು. ಅಜ್ಜಿ ಗೆರೆ ಎಳೆಯುವಾಗ ಮಾತಾಡುವುದಿಲ್ಲ, ಉಸಿರನ್ನೂ ಅಳೆದು ಬಿಡುತ್ತಾರೆ. ಕುಂಚದ ನಾರು ನಾಲ್ಕೋ ಐದೋ ಎಳೆ ಅಷ್ಟೇ. ಮಕ್ಕಳ ಮೊದಲ ಗೆರೆಗಳು ದಪ್ಪಗಾಗಿ ಹರಿದು ಕೂಡಿಕೊಂಡವು. ಹಿಟ್ಟು ತೆಳುವಾಯಿತು ಎಂದು ಅಜ್ಜಿ ಬಟ್ಟಲಲ್ಲಿ ಬೆರಳದ್ದಿ ನೋಡಿ ಮತ್ತೆ ಅರೆದ ಅಕ್ಕಿ ಬೆರೆಸಿದರು.

ಮಾಸ್ತರಿಗೆ ಇಲ್ಲೊಂದು ಭೂಮಿಯ ಶ್ಲೋಕ ಸೇರಿಸಬೇಕು ಅನ್ನಿಸಿತು. ಕೇಳಿಯೂ ಕೇಳಿದರು. ಅಜ್ಜಿ, "ಹಾಡು ಅದ್ಯಲ್ಲ ಮಾಸ್ತರೇ, ಅದು ಸಾಕಾಗೂದಿಲ್ವ?" ಎಂದರು. ಮಾಸ್ತರು ನಕ್ಕು ಸುಮ್ಮನಾದರು. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ನಿರ್ಧಾರ ಇದು. ಎಲ್ಲಕ್ಕೂ ಸಂಸ್ಕೃತದ ಚೀಟಿ ಅಂಟಿಸುವ ಆಸೆ ಇಂಥ ತರಗತಿಗಳಲ್ಲಿ ಬಹಳ. ಬುಟ್ಟಿಗೆ ಅದರದ್ದೇ ಪದಗಳಿವೆ, ಹಾಡಿದೆ, ಕ್ರಮವಿದೆ. ಆ ದಿನ ಸಂಸ್ಕೃತವಿಲ್ಲದೆಯೇ ತರಗತಿ ನಡೆಯಿತು. ತರಗತಿಯಲ್ಲಿ ಯಾವತ್ತೂ ಹಿಂದೆ ಕೂರುತ್ತಿದ್ದ ಆ ಹುಡುಗಿ ಅವತ್ತು ಎಲ್ಲರ ಕುಂಚ ಹಿಡಿಸಿ ತಿದ್ದುತ್ತಿದ್ದಳು.

ಕಾವಿ ಚಿತ್ರದ ವಿಷಯದಲ್ಲೂ ಹಾಗೇ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕೆಂಪು-ಬಿಳುಪಿನ ಕಾವಿ ಕಲೆ ಇದೆಯಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರು. ಬಿಳಿ ಗಾರೆಯ ಮೇಲೆ ಕೆಂಪು ಲೇಪ ಕೊಟ್ಟು, ಅದನ್ನು ಕೆರೆದು ಒಳಗಿನ ಬಿಳುಪು ಕಾಣಿಸುವುದು ಅದರ ಗುಟ್ಟು. ತರಗತಿಯಲ್ಲಿ ಸುಣ್ಣ ಬಳಸಲಿಲ್ಲ, ಹಸಿ ಸುಣ್ಣ ಕೈ ಸುಡುತ್ತದೆ. ರಟ್ಟಿಗೆ ಬಿಳಿ ಡಿಸ್ಟೆಂಪರ್, ಮೇಲೆ ಅಂಟು ಬೆರೆಸಿದ ಕೆಮ್ಮಣ್ಣು, ಅರೆ ಒಣಗಿದಾಗ ಕಂಪಾಸಿನ ಮೊನೆಯಿಂದ ಗೀರುವುದು. ಪೂರ್ತಿ ಒಣಗಿದರೆ ಹಕ್ಕಳೆಯಾಗಿ ಏಳುತ್ತದೆ, ಹಸಿ ಇದ್ದರೆ ಗೆರೆ ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ಈ ಹದ ಸಿಗಲೇ ಇಲ್ಲ. ಜನವರಿಗೆ ಮುಂದೂಡಿದ ಮೇಲೆ ಚೆನ್ನಾಗಿ ಬಂತು. ಜಾಸ್ತಿ ಮಕ್ಕಳು ಗೀರಿದ್ದು ಯಕ್ಷಗಾನದ ವೇಷ.

ಈಗ ಎಲ್ಲಿದ್ದಾರೆ

ಮಕ್ಕಳಿಗೆ ಬಂದದ್ದು: ಸುತ್ತಲಿನ ಸಾಮಾನು, ಗಿಡ, ಹಣ್ಣುಗಳ ಹೆಸರು, ದಿಕ್ಕು, ಕೊಡು-ತಾ-ಇಡು ಎಂಬಂಥ ಕ್ರಿಯಾಪದಗಳು, ಏಕ-ದ್ವಿ-ಬಹುವಚನದ ಕಿವಿ. ಬಾರದ್ದು: ಭೂತಕಾಲ ಬಹಳ ಮಟ್ಟಿಗೆ ಇಲ್ಲ. ಕೈಕೆಲಸವೆಲ್ಲ ಈಗ-ಇಲ್ಲಿ ನಡೆಯುವುದು, ಹಾಗಾಗಿ ನಿನ್ನೆಯ ಮಾತಿಗೆ ಅದು ಜಾಗ ಕೊಡುವುದಿಲ್ಲ. ಮಾಸ್ತರು ಅದನ್ನು ಕತೆ ಹೇಳಿಯೇ ಕಲಿಸುತ್ತೇನೆ ಎನ್ನುತ್ತಾರೆ. ಶ್ಲೋಕ ಕಡಿಮೆಯಾಯಿತೆಂದು ಎರಡು ಮನೆಯವರು ಮಕ್ಕಳನ್ನು ಬಿಡಿಸಿದರು, ಅವರು ವಾಪಸ್ ಬಂದಿಲ್ಲ. ವಾಟ್ಸಾಪ್ ಫೋಟೊಗಳೂ ಕಡಿಮೆಯಾದವು. ಬೆನ್ನಿಗೆ ಬೆನ್ನು ಹಾಕಿ ಕಟ್ಟಿದ ಸೊಟ್ಟ ಫಲಾವಳಿ ಸ್ಟೇಟಸ್‌ಗೆ ಹಾಕುವಷ್ಟು ಚಂದ ಇರುವುದಿಲ್ಲ.

ಈಗಿನ ತಕರಾರು ಲಿಪಿಯದ್ದು. ಎಲ್ಲ ಕನ್ನಡ ಲಿಪಿಯಲ್ಲೇ ನಡೆದದ್ದರಿಂದ ಮಕ್ಕಳಿಗೆ ದೇವನಾಗರಿ ಓದಲು ಬರುವುದಿಲ್ಲ, ಎಂಟನೇ ತರಗತಿಯ ಹೊತ್ತಿಗೆ ಅದು ಬೇಕೇ ಬೇಕು ಎಂದು ಮಾಸ್ತರು. ಸಣ್ಣವರಿಗೆ ಈಗಾಗಲೇ ಕನ್ನಡ, ಇಂಗ್ಲಿಷ್ ಎರಡು ಲಿಪಿಗಳ ಜತೆ ಗುದ್ದಾಟ, ಮೂರನೆಯದನ್ನು ಹೇರಿದರೆ ಮಾತೂ ನಿಂತೀತು ಎಂದು ಅಕ್ಕೋರು. ಕೊನೆಗೆ ಪೆಟ್ಟಿಗೆಯಲ್ಲೇ ರಾಜಿಯಾಯಿತು. ಜೂನ್‌ನಿಂದ ಪೆಟ್ಟಿಗೆಯೊಳಗೆ ಪ್ರತಿ ಸಾಮಾನಿಗೂ ಒಂದೊಂದು ಮುಚ್ಚಿದ ಡಬ್ಬಿ, ಮೇಲೆ ದೇವನಾಗರಿಯಲ್ಲಿ ಮಾತ್ರ ಹೆಸರು. ಸಣ್ಣವರು ಮೊದಲಿನಂತೆ ಬಾಯಲ್ಲಿ ಕೇಳುವುದು. ಹತ್ತು ವರ್ಷ ದಾಟಿದವರು ಪೆಟ್ಟಿಗೆಯ ಹತ್ತಿರ ಪಾಳಿಯ ಮೇಲೆ ಕೂತು, ಓದಿ ಸರಿಯಾದ ಡಬ್ಬಿ ತೆಗೆದುಕೊಡುವುದು. ತಪ್ಪು ಡಬ್ಬಿ ತೆಗೆದರೆ ಕತ್ತರಿ ಕೇಳಿದವನಿಗೆ ದಾರ ಸಿಗುತ್ತದೆ. ಡಬ್ಬಿಗಳಿಗೆ ಚೀಟಿ ಬರೆಯುವ ಕೆಲಸ ಮಾಸ್ತರದ್ದು, ಅಂಟಿಸುವುದು ನನ್ನದು.